ಕುದುರೆ ಮೀಮಾಂಸೆ

ಇಂಗ್ಲಿಷ್ ಕರಾರು ಕಾನೂನಿನ ಆದ್ಯ ಆಚಾರ್ಯರು ಇಬ್ಬರು. ಇಬ್ಬರಿಗೂ ನಾಲ್ಕು ಕಾಲು.

ಮೊದಲನೆಯವರು ಲಂಡನ್ನಿನ ಟ್ಯಾಟರ್‌ಸಾಲ್ ಹರಾಜಿಗೆ ಬಂದ ಕ್ಯಾಲಿಫೋರ್ನಿಯಾ ಎಂಬ ಅಶ್ವ. ಹಿಂದಿನ ದಿನ ಕೊಳ್ಳಬಂದ ಹಾಪ್ಕಿನ್ಸ್ ಮಂಡಿಯೂರಿ ಅದರ ಕಾಲು ಸವರುತ್ತಿದ್ದಾಗ, ಕುದುರೆಗೆ ಯಾವ ಐಬೂ ಇಲ್ಲವೆಂದು ಒಡೆಯ ಟ್ಯಾಂಕರೆ ಭರವಸೆ ಕೊಟ್ಟ. ಹಾಪ್ಕಿನ್ಸ್ ನಂಬಿ ಎದ್ದ, ಮರುದಿನ ಕೊಂಡ, ಕುದುರೆ ಕೈಕೊಟ್ಟಿತು. 1854ರ ತೀರ್ಪು: ಅದು ಬರೀ ಹೇಳಿಕೆ, ಕರಾರಿನ ಷರತ್ತಲ್ಲ.

ಎರಡನೆಯವರು ಐರ್ಲೆಂಡಿನ ಬೀಜದ ಕುದುರೆ. ಕೊಳ್ಳಬಂದ ಶಾವೆಲ್ ಪರೀಕ್ಷಿಸಲು ಹೊರಟಾಗ, ನೋಡುವ ಅಗತ್ಯವೇ ಇಲ್ಲವೆಂದು ಮಾರುವವ ತಡೆದ. ಮೂರು ವಾರ ಕಳೆದು ವ್ಯಾಪಾರ ಕುದುರಿತು. ಕುದುರೆಯ ಕಣ್ಣಿನಲ್ಲಿತ್ತು ವಂಶದ ರೋಗ. 1913ರಲ್ಲಿ ವರದಿಯಾದ ಹೌಸ್ ಆಫ್ ಲಾರ್ಡ್ಸ್ ತೀರ್ಪಿನಲ್ಲಿ ಅದೇ ಬಗೆಯ ಮಾತು ಷರತ್ತಾಯಿತು.

ಇಲ್ಲಿ ಪೂರ್ವಪಕ್ಷ. ದಿನ ಕಳೆದಂತೆ ಮಾತು ಹಳಸಬೇಕಲ್ಲವೆ? 1954ರ ರೌಟ್‌ಲೆಜ್–ಮೆಕೇ ಪ್ರಕರಣದಲ್ಲಿ ಮೋಟಾರ್‌ಸೈಕಲ್ಲಿನ ವಯಸ್ಸಿನ ಮಾತು ಒಂದೇ ವಾರಕ್ಕೆ ಹಳಸಿತ್ತು. ಮೂರು ವಾರದ್ದು ತಾಜಾ, ಒಂದು ದಿನದ್ದು ಹಳಸಲು, ಹೇಗೆ?

ಸಿದ್ಧಾಂತ: ಟ್ಯಾಟರ್‌ಸಾಲಿನಲ್ಲಿ ಖಾತರಿಯಿಲ್ಲದೆ ಮಾರುವುದೇ ವಾಡಿಕೆ, ಅದು ಇಬ್ಬರಿಗೂ ಗೊತ್ತಿತ್ತು. ಕೋರ್ಟು ಹುಡುಕುವುದು ಉದ್ದೇಶವನ್ನು. ಅದೂ ಎದೆ ಬಗೆದು ನೋಡಿಯಲ್ಲ, ಪಕ್ಕದಲ್ಲಿ ನಿಂತ ಬುದ್ಧಿವಂತನೊಬ್ಬನಿಗೆ ಏನನ್ನಿಸುತ್ತಿತ್ತೆಂದು ಊಹಿಸಿ. ಈ ಬುದ್ಧಿವಂತ ಯಾವ ಸಂತೆಯಲ್ಲೂ ಕಂಡವನಲ್ಲ. ಅವನ ಕಾಲ, ದೇಶ, ಮತಗಳ ನಿರ್ಣಯ ಸಂಶೋಧಕರಿಗೆ ಬಾಕಿಯಿದೆ.

ಆಮೇಲೆ ಬಂದದ್ದು ಗಾಲಿಯ ಯುಗ. ವಿಲಿಯಮ್ಸ್ ತನ್ನ ಮನೆಯ ಮಾರಿಸ್ ಕಾರನ್ನು 1948ರದೆಂದು ಆಸ್ಕರ್ ಚೆಸ್ ಎಂಬ ಕಾರು ಕಂಪನಿಗೆ 290 ಪೌಂಡ್ ಲೆಕ್ಕದಲ್ಲಿ ಕೊಟ್ಟು ಹೊಸ ಕಾರು ಕೊಂಡ. ನೋಂದಣಿ ಪುಸ್ತಕ ಹೇಳುತ್ತಿದ್ದುದೂ ಅದನ್ನೇ. ಪುಸ್ತಕವನ್ನು ಯಾರೋ ಮೊದಲೇ ತಿದ್ದಿದ್ದರು. ಕಾರು 1939ರದು, ಬೆಲೆ 175. ಎರಡೂ ವರ್ಷದ ಕಾರುಗಳಿಗೆ ನೋಟದಲ್ಲಿ ವ್ಯತ್ಯಾಸವಿರಲಿಲ್ಲ. ಕಂಪನಿಯ ಮಾರಾಟಗಾರ ಅದೇ ಕಾರಿನಲ್ಲಿ ಎಷ್ಟೋ ಸಲ ಕೂತು ಹೋಗಿದ್ದವನು! 115 ಪೌಂಡಿನ ದಾವೆ 1957ರಲ್ಲಿ ವರದಿಯಾದ ತೀರ್ಪಿನಲ್ಲಿ ಬಿದ್ದುಹೋಯಿತು: ಕಾರಿನ ಸಂಗತಿ ತಿಳಿಯಬೇಕಾದವರು ವ್ಯಾಪಾರಿಗಳೇ ಹೊರತು ಪುಸ್ತಕ ನಂಬಿದ ಗಿರಾಕಿಯಲ್ಲ. ನ್ಯಾಯಮೂರ್ತಿ ಮಾರಿಸ್ ಭಿನ್ನ ತೀರ್ಪು ಬರೆದರು. ಕಾರಿಗೂ ಅವರಿಗೂ ಒಂದೇ ಹೆಸರಿರುವುದು ಕಾಕತಾಳೀಯವೆಂದೇ ವಿದ್ವಾಂಸರ ಮತ.

1965ರಲ್ಲಿ ವ್ಯಾಪಾರಿಯೇ ಸಿಕ್ಕಿಬಿದ್ದ. ಹೊಸ ಎಂಜಿನ್ ಕೂರಿಸಿದ ಮೇಲೆ ಬರೀ 20,000 ಮೈಲಿ ಓಡಿದ್ದೆಂದು ಬೆಂಟ್ಲಿ ಕಾರು ಮಾರಿದ್ದ. ಅದು ಓಡಿದ್ದು ಹೆಚ್ಚುಕಡಿಮೆ ಒಂದು ಲಕ್ಷ ಮೈಲಿ. ಷರತ್ತೇ ಎಂದರು ಲಾರ್ಡ್ ಡೆನಿಂಗ್, ವಿಲಿಯಮ್ಸನನ್ನು ಬಿಟ್ಟವರೂ ಅವರೇ. ಕೊಂಡವನ ಹೆಸರೂ ಬೆಂಟ್ಲಿ. ಕಾಕತಾಳೀಯವಾದವನ್ನು ಮೇಲೆ ಎತ್ತಿಹಿಡಿದ ವಿದ್ವಾಂಸರು ಈ ವಿಚಾರದಲ್ಲಿ ಮೌನವಾಗಿದ್ದಾರೆ.