ರಾಹು, ಒನಕೆ ಮತ್ತು ನಾನು

ನಮ್ಮ ಮನೆಯಲ್ಲಿ ವಿಜ್ಞಾನದ ಖಾತೆ ನನ್ನದು. ಬೇರೆ ಯಾವ ಖಾತೆಯನ್ನೂ ಯಾರೂ ಕೊಟ್ಟಿಲ್ಲವಾದ್ದರಿಂದ ಇದನ್ನು ಭಾರೀ ಜಂಬದಿಂದ ನಿಭಾಯಿಸುತ್ತೇನೆ. ಕಪ್ಪುಕುಳಿಯ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲೆ. ಫ್ಯೂಸ್ ಹೋದರೆ ಮಾತ್ರ ಎಲೆಕ್ಟ್ರಿಷಿಯನ್ ಬರಬೇಕು. ನಿಮ್ಮ ಮನೆಯಲ್ಲೂ ಇಂಥ ಮಂತ್ರಿಯೊಬ್ಬರು ಇದ್ದೇ ಇರುತ್ತಾರೆ, ನೀವೇ ಇರಬಹುದು.

2025ರ ಸೆಪ್ಟೆಂಬರ್ 7, ಭಾನುವಾರ, ಹುಣ್ಣಿಮೆ. ರಾತ್ರಿ 9.57ಕ್ಕೆ ಖಗ್ರಾಸ ಚಂದ್ರಗ್ರಹಣದ ಸ್ಪರ್ಶ, 1.26ಕ್ಕೆ ಮೋಕ್ಷ. ಮೂರು ಜಾವ ಮೊದಲೇ ವೇಧ ಶುರು, ಅಂದರೆ ಮಧ್ಯಾಹ್ನ ಒಂದರೊಳಗೆ ಊಟ ಮುಗಿಯಬೇಕು, ಆಮೇಲೆ ಒಲೆ ಹಚ್ಚುವುದಿಲ್ಲ ಎಂದು ಅತ್ತೆ ಘೋಷಿಸಿದರು.

"ನಾನು ರಾತ್ರಿ ಎಂಟೂವರೆಗೇ ಊಟ ಮಾಡೋನು. ನೆರಳಿಗೆಲ್ಲ ಹೆದರೋನಲ್ಲ" ಎಂದೆ.

"ಧಾರಾಳವಾಗಿ ಮಾಡಿ. ಅಡುಗೆ ಮಾಡೋರು ಯಾರು?" ಎಂದಳು ಹೆಂಡತಿ.

ಹನ್ನೆರಡೂವರೆಗೆ ತಟ್ಟೆ ಮುಂದೆ ಕೂತಿದ್ದೆ. ತತ್ವ ಬಿಟ್ಟು ಅಂತಲ್ಲ, ಹಸಿವಾಗಿತ್ತು.

ಊಟವಾದ ಮೇಲೆ ಅತ್ತೆ ಅಟ್ಟದಿಂದ ಒನಕೆ ಇಳಿಸಿದರು. ಗ್ರಹಣ ಹಿಡಿದಾಗ ತಟ್ಟೆಯ ನೀರಿನಲ್ಲಿಟ್ಟರೆ ಅದು ತಾನೇ ನಿಲ್ಲುತ್ತದಂತೆ, ಬಿಟ್ಟ ಮೇಲೆ ಬೀಳುತ್ತದಂತೆ. ನನ್ನ ಖಾತೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತದೆಯೇ? "ತಳ ಸಪಾಟಾಗಿದ್ದು, ಗುರುತ್ವಕೇಂದ್ರ ನೆಟ್ಟಗೆ ತಳದ ಮೇಲಿದ್ದರೆ ಒನಕೆ ಯುಗಾದಿಗೂ ನಿಲ್ಲುತ್ತೆ, ಅಮಾವಾಸ್ಯೆಗೂ ನಿಲ್ಲುತ್ತೆ. ಈಗಲೇ ತೋರಿಸ್ತೀನಿ" ಎಂದು ಪಕ್ಕದ ಮನೆ ಮಕ್ಕಳನ್ನೂ ಕರೆಸಿದೆ. ಒನಕೆ ಮೊದಲು ಸೋಫಾದ ಮೇಲೆ ಬಿತ್ತು, ಆಮೇಲೆ ಕುಂಡದ ತುಳಸಿಯ ಮೇಲೆ, ಕೊನೆಗೆ ನನ್ನ ಕಾಲಿನ ಹೆಬ್ಬೆರಳ ಮೇಲೆ.

"ಬಿಡಿ ಅಳಿಯಂದಿರೇ, ಇನ್ನೂ ಗ್ರಹಣ ಹಿಡಿದಿಲ್ಲ" ಎಂದು ಅತ್ತೆ ಸಮಾಧಾನ ಹೇಳಿದರು. ರಾತ್ರಿ ಹತ್ತಕ್ಕೆ ಎರಡೇ ಬೆರಳಲ್ಲಿ ಹಿಡಿದು ನಿಲ್ಲಿಸಿಯೂಬಿಟ್ಟರು. ಒನಕೆ ಹಿಡಿದೇ ಬೆಳೆದ ಕೈ, ಅದರಲ್ಲಿ ರಾಹುವಿನ ಪಾಲೇನೂ ಇಲ್ಲ. ಆದರೆ ಹೆಬ್ಬೆರಳಿಗೆ ಐಸ್ ಒತ್ತಿಕೊಂಡು ಕೂತವನ ಬಾಯಲ್ಲಿ ಭೌತಶಾಸ್ತ್ರ ಕೇಳುವವರು ಯಾರು?

ಸೋಲು ಮುಚ್ಚಿಕೊಳ್ಳಲು ಇತಿಹಾಸಕ್ಕೆ ಹೋದೆ. ಆರ್ಯಭಟ 499ರಲ್ಲೇ ಹೇಳಿದ್ದಾನೆ, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಅಂತ. 628ರಲ್ಲಿ ಬ್ರಹ್ಮಗುಪ್ತ, ರಾಹುವನ್ನೇ ಒಪ್ಪದವನು ವೇದ-ಸ್ಮೃತಿಗಳಿಗೆ ವಿರುದ್ಧ ಅಂತ ಅವನನ್ನು ತರಾಟೆಗೆ ತೆಗೆದುಕೊಂಡ. ಆದರೆ ಗ್ರಹಣದ ಗಣಿತ ಮಾಡುವಾಗ ಅವನೂ ಹಾಕಿದ್ದು ನೆರಳಿನ ಲೆಕ್ಕವನ್ನೇ! ನಾನು ಆರ್ಯಭಟನ ಪಕ್ಷ ಎಂದು ಮುಗಿಸಿದೆ.

"ಅಪ್ಪಾ, ಗ್ರಹಣ ಕುಂಭ ರಾಶೀಲಂತೆ. ನಿಂದು ಯಾವ ರಾಶಿ?" ಮಗಳು ಮೊಬೈಲಿನಿಂದ ತಲೆ ಎತ್ತಿದಳು.

"ನಾನು ರಾಶಿಗೀಶಿ ನಂಬಲ್ಲ."

"ಕುಂಭಾನೇ" ಎಂದು ಒಳಗಿನಿಂದ ಹೆಂಡತಿ.

ಅಲ್ಲಿಯವರೆಗೆ ಬರೀ ನೋಯುತ್ತಿದ್ದ ಹೆಬ್ಬೆರಳು ಆಗಿನಿಂದ ಏನೋ ಸೂಚನೆ ಕೊಡತೊಡಗಿತು.

ಹನ್ನೊಂದು ದಾಟಿದ ಮೇಲೆ ಕುಂಟುತ್ತ ತಾರಸಿ ಹತ್ತಿದೆವು. ಮೋಡ ಸರಿದಾಗ ಚಂದ್ರ ತಾಮ್ರದ ಬಣ್ಣಕ್ಕೆ ತಿರುಗಿದ್ದ. ಭೂಮಿಯ ಸುತ್ತಲಿನ ಗಾಳಿ ಹೆಚ್ಚಾಗಿ ಕೆಂಪು ಬೆಳಕನ್ನೇ ಬಾಗಿಸಿ ಅತ್ತ ಕಳಿಸುತ್ತೆ, ಈ ಗಳಿಗೆಯಲ್ಲಿ ಜಗತ್ತಿನ ಅಷ್ಟೂ ಸೂರ್ಯೋದಯ ಸೂರ್ಯಾಸ್ತಗಳ ಬೆಳಕು ಅಲ್ಲಿ ಬೀಳ್ತಿದೆ ಎಂದೆ. ಇದು ನಿಜವಾಗಿ ಚೆನ್ನಾಗಿ ಬಂತು. ತಿರುಗಿ ನೋಡಿದರೆ ಹೆಂಡತಿ ಆಕಳಿಸುತ್ತಿದ್ದಳು. "ಚೆನ್ನಾಗಿದೆ" ಎಂದು ಇಳಿದು ಹೋಗಿ ಮಲಗಿಬಿಟ್ಟಳು. ಅತ್ತೆಯಂತೂ ಆಗಲೇ ಗೊರಕೆಯಲ್ಲಿದ್ದರು. ವಯಸ್ಸಾದವರು ಬೆಳಿಗ್ಗೆ ಸ್ನಾನ ಮಾಡಿದರೂ ಸಾಕು ಎಂದು ಶಾಸ್ತ್ರವನ್ನು ಅವರೇ ಸಡಿಲಿಸಿಕೊಂಡಿದ್ದರು.

ಎಚ್ಚರವಿದ್ದವನು ವಿಚಾರವಾದಿ ಒಬ್ಬನೇ, ಹೊಟ್ಟೆ ಹಸಿದುಕೊಂಡು. ಫ್ರಿಜ್ ತೆಗೆದರೆ ಹಾಲು, ಮೊಸರು, ಉಪ್ಪಿನಕಾಯಿ, ದೋಸೆ ಹಿಟ್ಟು ಎಲ್ಲದರ ಮೇಲೂ ದರ್ಭೆ. ಹಿಟ್ಟಿನ ಹಿಂದಿದ್ದ ಸೇಬಿಗೆ ಕೈ ಚಾಚಿದಾಗ ಒಂದು ದರ್ಭೆ ಜಾರಿ ಎಲ್ಲೋ ಬಿತ್ತು. ಕತ್ತಲಲ್ಲಿ ತಡಕಾಡಿ, ಸಿಕ್ಕಿದ್ದನ್ನು ಸಿಕ್ಕಿದ ಪಾತ್ರೆಗೆ ಸಿಕ್ಕಿಸಿದೆ.

1.26. ಮೋಕ್ಷ. ರಾಕೆಟ್ ಹಾರಿಸುವ ಮೊದಲು ಇಸ್ರೋದವರೇ ಅದರ ಪುಟ್ಟ ಮಾದರಿ ಹಿಡಿದು ತಿರುಮಲಕ್ಕೆ ಹೋಗಿ ಬರುತ್ತಾರೆ. ಕುಂಭ ರಾಶಿಯವನೊಬ್ಬ ಎರಡು ಚೊಂಬು ನೀರು ಹುಯ್ದುಕೊಂಡರೆ ಯಾರಿಗೇನು ನಷ್ಟ? ಗೀಸರ್ ಹಾಕಿದರೆ ಸದ್ದಿಗೆ ಗುಟ್ಟು ರಟ್ಟಾಗುತ್ತದೆಂದು ತಣ್ಣೀರಲ್ಲೇ ಮುಗಿಸಿದೆ.

ಬೆಳಿಗ್ಗೆ ಹೆಂಡತಿ ಒದ್ದೆ ಟವೆಲ್ ಹಿಡಿದು ನಿಂತಿದ್ದಳು.

"ರಾತ್ರಿ ಸೆಕೆ" ಎಂದೆ, ಸೀನುತ್ತ.

"ಹೇಗೂ ಮಡಿಯಾಗಿದೀರಿ, ದೇವಸ್ಥಾನಕ್ಕೆ ಹೋಗಿ ಇದನ್ನ ದಾನ ಕೊಟ್ಟು ಬನ್ನಿ" ಎಂದು ಚೀಲ ಕೈಗಿಟ್ಟಳು. ಚಂದ್ರನಿಗೆ ಅಕ್ಕಿ, ರಾಹುವಿಗೆ ಉದ್ದಿನಬೇಳೆ. ಅರ್ಚಕರ ಮುಂದೆ ಆರ್ಯಭಟನ ಸುದ್ದಿ ಎತ್ತಲಿಲ್ಲ. ನಕ್ಷತ್ರ, ಗೋತ್ರ ಎಲ್ಲ ಸರಿಯಾಗಿ ಹೇಳಿ ದಕ್ಷಿಣೆಯನ್ನೂ ಕೊಟ್ಟು ಬಂದೆ.

ಮನೆಯಲ್ಲಿ ಅಷ್ಟರಲ್ಲಿ ದರ್ಭೆಯಿಲ್ಲದ ದೋಸೆ ಹಿಟ್ಟು ಪತ್ತೆಯಾಗಿ, ಅತ್ತೆ ಅದನ್ನು ತೆಂಗಿನ ಮರದ ಬುಡಕ್ಕೆ ಸುರಿಸಿಯಾಗಿತ್ತು. ದೋಸೆಗೆ ಬೇಕಾದ ಅಕ್ಕಿ, ಉದ್ದನ್ನು ಅರ್ಚಕರ ಮನೆಗೆ ನಾನೇ ಮುಟ್ಟಿಸಿ ಬಂದಿದ್ದೆ.

"ತಿಂಡಿ ಏನು?" ಎಂದೆ.

ಹೆಂಡತಿ ಬಾಣಲೆಗೆ ರವೆ ಸುರಿದಳು.