ಕಾವುಪೆಟ್ಟಿಗೆಯ ಯಜಮಾನರು

ನಾಟಿ ಹೇಂಟೆಯೊಂದು ಬುಟ್ಟಿಯ ಹುಲ್ಲಿನ ಮೇಲೆ ಕಾವಿಗೆ ಕುಳಿತು, ಯಾರ ಸಲಹೆಯನ್ನೂ ಕೇಳದೆ 21 ದಿನಗಳಲ್ಲಿ ಮುಗಿಸುವ ಕೆಲಸವನ್ನು ಮೀನಂಗಡಿಯ ಥರ್ಮಾಕೋಲ್ ಪೆಟ್ಟಿಗೆ, ಒಂದು ಬಲ್ಬು, ಹಳೆಯ ಕಂಪ್ಯೂಟರಿನ ಫ್ಯಾನು ಹಾಗೂ ಶಾಖ ಏರಿದಾಗ ಬಲ್ಬನ್ನು ತಾನೇ ಆರಿಸುವ ಥರ್ಮೋಸ್ಟಾಟ್ ಎಂಬ ಸಾಧನದಿಂದ ಮಾಡಿಸಹೊರಡುವವರ ವರ್ಗವೊಂದು ಕರ್ನಾಟಕದ ಸಣ್ಣ ಊರುಗಳ ಹೊಸ ಬಡಾವಣೆಗಳಲ್ಲಿ ಕಾಣಸಿಗುತ್ತದೆ. ಇವರಲ್ಲಿ ನಿವೃತ್ತರೇ ಹೆಚ್ಚು; ಕಚೇರಿಯ ಕಡತಗಳಿಗೆ ಎಂದೂ ಸಲ್ಲದ ಶ್ರದ್ಧೆ ಇಲ್ಲಿ ಮೊಟ್ಟೆಗಳಿಗೆ ಸಲ್ಲುತ್ತದೆ. ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಸೀಸದಕಡ್ಡಿಯ ಗುಣಿಸು ಗುರುತು, ಇನ್ನೊಂದಕ್ಕೆ ಸೊನ್ನೆ. ದೀರ್ಘವಾದ ರಾತ್ರಿಯನ್ನು ಮೊಟ್ಟೆ ಪ್ರತಿ ದಿನವೂ ಒಂದೇ ಮಗ್ಗುಲಲ್ಲಿ ಕಳೆಯಬಾರದೆಂದು ಹೊರಳಿಸುವುದು ದಿನಕ್ಕೆ ಮೂರು ಅಥವಾ ಐದು ಬಾರಿ, ಎಲ್ಲಕ್ಕೂ ನೋಟ್‌ಬುಕ್ಕಿನಲ್ಲಿ ದಾಖಲೆ.

ಫ್ಯಾನಿರುವ ಪೆಟ್ಟಿಗೆಯಲ್ಲಿ ಶಾಖ 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಬೇಕೆಂಬುದನ್ನು ಇವರು ಬೇಗ ಕಲಿಯುತ್ತಾರೆ, ತಕರಾರಿರುವುದು ತೇವಾಂಶದಲ್ಲಿ. ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಆವಿಯಾಗುತ್ತ, ಮೊಟ್ಟೆಯು ಮೊದಲ 18 ದಿನಗಳಲ್ಲಿ ತನ್ನ ತೂಕದ ಶೇ 12ರಷ್ಟನ್ನು ಕಳೆದುಕೊಂಡರೆ ಮಾತ್ರ ಅದರ ಅಗಲ ತುದಿಯ ಗಾಳಿಗೂಡು, ಅಂದರೆ ಮರಿಯು ಚಿಪ್ಪೊಡೆಯುವ ಮುನ್ನ ಮೊದಲ ಉಸಿರೆಳೆಯುವ ಜಾಗ, ಸಾಕಷ್ಟು ದೊಡ್ಡದಾಗುತ್ತದೆ. ತೇವ ಹೆಚ್ಚಾದರೆ ಆ ಜಾಗ ಸಾಲದು. ಕಡಿಮೆಯಾದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಮಲೆನಾಡಿನ ಆಷಾಢಕ್ಕೂ ರಾಯಚೂರಿನ ಬೇಸಿಗೆಗೂ ಒಂದೇ ಲೆಕ್ಕ ಹೊಂದದೆಂಬುದು ಸ್ಪಷ್ಟವಾಗಿದ್ದರೂ, ಚಳಿದೇಶದ ಯಾರೋ ವಿಡಿಯೋದಲ್ಲಿ ತೋರಿಸಿದ ಎರಡು ಬಟ್ಟಲು ನೀರನ್ನು ಯಜಮಾನರು ಜಡಿಮಳೆಯಲ್ಲೂ ಇಟ್ಟೇ ಇಡುತ್ತಾರೆ. ಅಗ್ಗದ ತೇವಮಾಪಕ ಸುಳ್ಳು ಹೇಳುತ್ತಿರಬಹುದು, ಒದ್ದೆ ಉಪ್ಪಿನೊಡನೆ ಮುಚ್ಚಿದ ಡಬ್ಬದಲ್ಲಿಟ್ಟರೆ ಅದು ಶೇ 75 ತೋರಿಸಬೇಕು, ಎಂದು ತಿಳಿದವರು ಹೇಳಿದರೆ, "ಉಪ್ಪಿಗೂ ಮೊಟ್ಟೆಗೂ ಸಂಬಂಧ ಆಮ್ಲೆಟ್‌ನಲ್ಲಿ ಮಾತ್ರ ಸಾರ್" ಎಂಬ ಉತ್ತರ ಬರುತ್ತದೆ.

ಆದರೆ ಇವರ ಮುಖ್ಯ ಲಕ್ಷಣ ಮುಚ್ಚಳ ತೆಗೆಯುವುದು. 18ನೆಯ ದಿನದ ನಂತರ ಹೊರಳಿಸುವುದನ್ನು ನಿಲ್ಲಿಸಿ, ತೇವವನ್ನು ಶೇ 65–70ಕ್ಕೆ ಏರಿಸಿ, ಮರಿಗಳು ಹೊರಬರುವವರೆಗೆ ಪೆಟ್ಟಿಗೆಯನ್ನು ಮುಟ್ಟಬಾರದೆಂಬ ನಿಯಮವನ್ನು ಊರಿಗೆಲ್ಲ ಬೋಧಿಸುವವರು ಇವರೇ; ಚಿಪ್ಪಿನೊಳಗಿಂದ ಚಿಂವ್ ಎಂದ ಕೂಡಲೇ ಮುಚ್ಚಳ ತೆಗೆಯುವವರೂ ಇವರೇ. ತೆಗೆದೊಡನೆ ತೇವ ಇಳಿಯುತ್ತದೆ. ಮಾಪಕ ನೋಡಿ ಗಾಬರಿಯಾಗಿ ನೀರು ಸುರಿಯಲು ಮತ್ತೆ ತೆಗೆಯುತ್ತಾರೆ. ತಣ್ಣೀರಿನಿಂದ ಶಾಖ ಇಳಿಯಿತೆಂದು ಬಲ್ಬನ್ನು ಪರೀಕ್ಷಿಸಲು ಇನ್ನೊಮ್ಮೆ ತೆಗೆಯುತ್ತಾರೆ. ಇಂಥವರೊಬ್ಬರ ಪಕ್ಕದ ಮನೆಯಲ್ಲೇ ವಾಸಿಸಬೇಕಾಗಿ ಬಂದ ಅಧ್ಯಯನಕಾರನಿಗೆ ಶಾಸ್ತ್ರೀಯ ನಿರ್ಲಿಪ್ತತೆ ಸುಲಭವಲ್ಲ. ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದು, "ಕರೆಂಟ್ ಹೋಯ್ತು ಸಾರ್, ನಿಮ್ಮ ಇನ್ವರ್ಟರ್‌ನಿಂದ ಒಂದು ವೈರ್ ಎಳ್ಕೊಳ್ಲಾ?" ಎಂದು ಕೇಳಿದಾಗ, ಹೇಂಟೆಯೂ ದಿನಕ್ಕೊಮ್ಮೆ ಎದ್ದು ಕಾಳು ತಿನ್ನಲು ಹೋಗುತ್ತದೆ, ಮುಚ್ಚಳ ಮುಚ್ಚಿಯೇ ಇದ್ದರೆ ಅರ್ಧ ಗಂಟೆಯಲ್ಲಿ ಏನೂ ಆಗದು, ಎಂಬ ವಿದ್ವತ್ತನ್ನೆಲ್ಲ ಗಂಟಲಲ್ಲೇ ನುಂಗಿ, ಲುಂಗಿ ಸರಿಪಡಿಸಿಕೊಳ್ಳುತ್ತ ಕಾಂಪೌಂಡಿನಾಚೆಗೆ ವೈರ್ ದಾಟಿಸಿದ ಅಧ್ಯಯನಕಾರನೂ, ಕೊನೆಗೆ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಮುಚ್ಚಳ ಒಮ್ಮೆ ಸ್ವಲ್ಪವೇ ಸರಿಯಲೆಂದು ಮನಸ್ಸಿನಲ್ಲಿ ಬಯಸಿದ್ದುಂಟು.

"ಮಕ್ಕಳಿಗೆ ಜ್ವರ ಬಂದಾಗ ಥರ್ಮಾಮೀಟರ್ ಎಲ್ಲಿದೆ ಅಂತ್ಲೂ ಇವರಿಗೆ ಗೊತ್ತಿರ್ಲಿಲ್ಲ" ಎಂದು ಯಜಮಾನರ ಪತ್ನಿ ಕಾಫಿ ತಂದಿಡುತ್ತ ಹೇಳುತ್ತಾರೆ. ಆ ಮಾತಿನಲ್ಲಿ ದೂರು ಎಷ್ಟು, ಸಮಾಧಾನ ಎಷ್ಟು ಎಂದು ಬಿಡಿಸಲಾಗದು. ಮಕ್ಕಳು ಈಗ ದೂರದ ಊರುಗಳಲ್ಲಿದ್ದಾರೆ, ಯಜಮಾನರು ಮಾಪಕದಿಂದ ಕಣ್ಣೆತ್ತುವುದಿಲ್ಲ.

ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹುಂಜಗಳೇ ಆಗುವುದರಿಂದಲೂ, ಎಳೆಯ ಮರಿಯಲ್ಲಿ ಅದು ಸಾಮಾನ್ಯರ ಕಣ್ಣಿಗೆ ತಿಳಿಯದಿರುವುದರಿಂದಲೂ, ಇನ್ವರ್ಟರಿನ ಋಣಕ್ಕೆಂದು ಪಕ್ಕದ ಮನೆಗೆ ಬಂದ ಎರಡು ಮರಿಗಳೂ ಕಾಲಕ್ರಮದಲ್ಲಿ ನಸುಕಿನ ನಾಲ್ಕು ಗಂಟೆಗೆ ಕೂಗತೊಡಗಿದವು. ಕೊಯ್ಯುವ ಮಾತೆತ್ತಿದರೆ ಯಜಮಾನರು ನೋಟ್‌ಬುಕ್ ತಂದು, ಅವೆರಡೂ ಚಿಪ್ಪೊಡೆದ ತಾರೀಖನ್ನೂ ಗಂಟೆಯನ್ನೂ ಓದಿ ಹೇಳುತ್ತಾರೆ.