ತಿಳಿಬೂದು ಮೀಮಾಂಸೆ: ದಕ್ಷಿಣ ಬೆಂಗಳೂರಿನ ಬಚ್ಚಲುಗೋಡೆಗಳನ್ನು ಕುರಿತ ಒಂದು ಪ್ರೌಢಪ್ರಬಂಧ

ಬೂದು ಬಣ್ಣ ದಕ್ಷಿಣ ಬೆಂಗಳೂರಿಗೆ ಅಪಾರ್ಟ್‌ಮೆಂಟುಗಳ ಜೊತೆಯಲ್ಲಿ ಬಂದಿತೆಂಬ ವಾದವೊಂದು ಪ್ರಚಾರದಲ್ಲಿದೆ. ಇದು ಕಾಲನಿರ್ಣಯದ ದೋಷ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ಮಲಗಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಈ ಜಾತಿಯ ಶಿಲೆಗೆ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟರು. ಹತ್ತಿರ ಹೋದರೆ ಕಪ್ಪುಬಿಳುಪಿನ ಗೆರೆಗಳು, ದೂರ ನಿಂತರೆ ತಿಳಿಬೂದು. ಸ್ಮೀತ್ ಸಾಹೇಬರು ಹೆಸರಿಟ್ಟರೇ ಹೊರತು ಶೇಡ್ ನಂಬರ್ ಕೊಡಲಿಲ್ಲ. ಅಲ್ಲಿಂದ ಶುರುವಾದ ಗೊಂದಲ ಜಯನಗರ ನಾಲ್ಕನೇ ಬ್ಲಾಕಿನ ಪೇಂಟ್ ಅಂಗಡಿಗಳಲ್ಲಿ ಇಂದಿಗೂ ಬಗೆಹರಿದಿಲ್ಲ.

ಬಂಡೆಯ ನಂತರದ್ದು ಸುಣ್ಣದ ಯುಗ. ಹಳೆಯ ಜಯನಗರದ ಮನೆಗಳಲ್ಲಿ ಹಬ್ಬ ಬಂತೆಂದರೆ ಬಚ್ಚಲಿಗೂ ಸುಣ್ಣ ಬೀಳುತ್ತಿತ್ತು. ಬೆಳ್ಳಗೆ ಕಾಣಲೆಂದು ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುವುದು ವಾಡಿಕೆ. ಚಿಟಿಕೆ ಹೋಗಿ ಹಿಡಿಯಾದರೆ ಗೋಡೆಗೆ ಬರುತ್ತಿದ್ದ ತಣ್ಣನೆಯ ಛಾಯೆಯನ್ನು ಇಂದು ಇಂಟೀರಿಯರ್ ಡಿಸೈನರುಗಳು ಫೀಸು ಪಡೆದು ಸೂಚಿಸುತ್ತಾರೆ. ಆಗ ಅದಕ್ಕೆ ಸುಣ್ಣದವನ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. 1954ರಲ್ಲಿ ಮೈಸೂರಿನ ಆರ್. ಕೆ. ಲಕ್ಷ್ಮಣ್ ಏಷ್ಯನ್ ಪೇಂಟ್ಸ್‌ಗೆಂದು ಗಟ್ಟು ಎಂಬ ತುಂಟ ಹುಡುಗನನ್ನು ಬರೆದು ಕೈಗೆ ಬ್ರಷ್ ಕೊಟ್ಟರು. ಅವನ ಡಬ್ಬಿಯಲ್ಲಿದ್ದ ಬಣ್ಣ ಯಾವುದೆಂಬುದು ಬೇರೊಂದು ಮಹಾಪ್ರಬಂಧಕ್ಕೆ ಆಗುವಷ್ಟು ವಿಷಯ, ಇಲ್ಲಿ ಬೇಡ.

ಹಂಡೆಯನ್ನು ಮಾತ್ರ ಹಾಗೆ ದಾಟಿಹೋಗುವಂತಿಲ್ಲ. ತಾಮ್ರದ ಹಂಡೆ, ಕೆಳಗೆ ಸೌದೆ, ತೆಂಗಿನ ಗರಿ, ನೆನೆದ ಕರಟ. ಗೋಡೆಯ ತುಂಬ ಹೊಗೆ. ನೈಯಾಯಿಕರು ಹೊಗೆಯಿಂದ ಬೆಂಕಿಯನ್ನು ಸಾಧಿಸುವಾಗ ಅಡುಗೆಮನೆಯನ್ನು ದೃಷ್ಟಾಂತವಾಗಿ ಕೊಡುತ್ತಾರೆ, ಬಚ್ಚಲನ್ನು ಏಕೆ ಬಿಟ್ಟರೋ. ‘ಈ ಬಚ್ಚಲಲ್ಲಿ ಬಿಸಿನೀರಿದೆ, ಗೋಡೆ ಬೂದಾಗಿರುವುದರಿಂದ’ ಎಂಬ ಅನುಮಾನ ಸೌದೆಯ ಕಾಲದುದ್ದಕ್ಕೂ ನಿರ್ದುಷ್ಟವಾಗಿತ್ತು. ಗೀಸರ್ ಬಂತು, ಹೇತು ಕೆಟ್ಟಿತು. ಈಗ ಗೋಡೆಯೇನೋ ಬೂದು, ಕರೆಂಟ್ ಹೋದರೆ ನೀರು ತಣ್ಣಗೆ. ತರ್ಕಶಾಸ್ತ್ರದಲ್ಲಿ ಸವ್ಯಭಿಚಾರವೆನಿಸುವ ಈ ಹೇತ್ವಾಭಾಸವನ್ನು ಜೆ.ಪಿ. ನಗರದಲ್ಲಿ ಡಿಸೆಂಬರ್ ಬೆಳಗಿನ ಹೊತ್ತು ಕಣ್ಣಾರೆ ಕಾಣಬಾರದು, ಕಿವಿಯಾರೆ ಕೇಳಬಹುದು.

ಇನ್ನು ಪ್ರಕೃತ ವಿಷಯ. ತಿಳಿಬೂದು ಹುಟ್ಟುವುದು ಅಂಗಡಿಯ ಟಿಂಟಿಂಗ್ ಯಂತ್ರದ ಕೆಳಗೆ. ಬಿಳಿಯ ಬೇಸ್‌ಗೆ ಕೆಲವು ಹನಿ ಕಪ್ಪು, ಒಂದಿಷ್ಟು ಹಳದಿ ಆಕ್ಸೈಡ್, ಮನಸ್ಸಾದರೆ ಕೆಂಪು. ಹಳದಿ ಒಂದು ಹನಿ ಏರಿದರೆ ಹಸಿರು ಹೊಡೆಯುತ್ತದೆ, ಇಳಿದರೆ ನೀಲಿ ಹೊಡೆಯುತ್ತದೆ, ಕೆಂಪು ಮಿಕ್ಕರೆ ನೇರಳೆ. ಆ ಹನಿಯ ಸುತ್ತ ಬೆಳೆದಿರುವ ದರ್ಶನಗಳು ಮುಖ್ಯವಾಗಿ ಮೂರು.

ಮೊದಲನೆಯದು ಪೇಂಟರ್‌ನ ಅದ್ವೈತ. ಭೇದವೆಲ್ಲ ಹಸಿ ಗೋಡೆಯ ಮೇಲಿನ ಅಧ್ಯಾಸ. “ಒಣಗಿದ್ಮೇಲೆ ಎಲ್ಲಾ ಒಂದೇ ಸಾರ್” ಎಂಬುದು ಈ ಶಾಖೆಯ ಮಹಾವಾಕ್ಯ. ಮನೆಯ ಯಜಮಾನರು, ಬೇಗ ಕೆಲಸ ಮುಗಿಯಲೆಂಬ ಏಕೈಕ ಮುಮುಕ್ಷುತ್ವದಿಂದ, ಈ ದರ್ಶನಕ್ಕೆ ಸೇರಿಕೊಳ್ಳುತ್ತಾರೆ.

ಎರಡನೆಯದು ಮನೆಯೊಡತಿಯ ದ್ವೈತ. ಭೇದ ಸತ್ಯ, ನಿತ್ಯ, ಒಣಗಿದ ಮೇಲೆ ಇನ್ನೂ ಸ್ಪಷ್ಟ. ಮಧ್ವಾಚಾರ್ಯರು ಹೇಳಿದ ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು. ಶೇಡ್ ಕಾರ್ಡಿನ ಒಂದೇ ಸಾಲಿನಲ್ಲಿ ಪಕ್ಕಪಕ್ಕ ಕೂತಿರುವ ಎರಡು ಬೂದುಗಳಿಗಿಂತ ಇದಕ್ಕೆ ಒಳ್ಳೆಯ ಉದಾಹರಣೆ ಬೇಕೆ? “ರೀ, ಇದು ನೀಲಿ ಹೊಡೀತಿದೆ, ನಿಮಗೆ ಕಾಣ್ತಿಲ್ವಾ?” ಎಂಬಲ್ಲಿಗೆ ಜಡ-ಜಡ ಭೇದ ಮುಗಿದು ಜೀವ-ಜೀವ ಭೇದ ಆರಂಭವಾಗುತ್ತದೆ. ಕಾಣುತ್ತಿದೆ ಎಂದರೆ ಆರಿಸುವಾಗ ಯಾಕೆ ಹೇಳಲಿಲ್ಲ. ಕಾಣುತ್ತಿಲ್ಲ ಎಂದರೆ ಕಣ್ಣು ಡಾಕ್ಟರ ಹತ್ತಿರ ಹೋಗಿ ಎಷ್ಟು ವರ್ಷವಾಯಿತು. ಎರಡು ಕಡೆಯಿಂದಲೂ ಯಜಮಾನರಿಗೆ ಪರಾಜಯವೇ.

ಮೂರನೆಯದು ಅಂಗಡಿಯವರ ಸ್ಯಾದ್ವಾದ. ನೀಲಿ ಇದೆಯೇ ಎಂದು ಕೇಳಿ. ಒಂದು ಲೆಕ್ಕದಲ್ಲಿ ಇದೆ. ಒಂದು ಲೆಕ್ಕದಲ್ಲಿ ಇಲ್ಲ. ಇದೆ, ಇಲ್ಲ, ಎರಡೂ. ಹೇಳಕ್ಕಾಗಲ್ಲ ಮೇಡಂ, ಗೋಡೆಗೆ ಹಾಕಿ ನೋಡಿ. ಶ್ರವಣಬೆಳಗೊಳಕ್ಕೆ ಎಂದೂ ಹೋಗದವರೂ ಕೌಂಟರ್ ಹಿಂದೆ ನಿಂತು ಸಪ್ತಭಂಗಿಯಲ್ಲಿ ನಾಲ್ಕನ್ನು ಸಲೀಸಾಗಿ ಒಪ್ಪಿಸುತ್ತಾರೆ. ಉಳಿದ ಮೂರನ್ನು ಡಬ್ಬಿ ವಾಪಸ್ ತಂದವರಿಗೆಂದು ಕಾದಿರಿಸಲಾಗಿದೆ: ಟಿಂಟ್ ಮಾಡಿದ ಮಾಲು ಹಿಂದಕ್ಕೆ ತಗೊಳ್ಳಲ್ಲ.

ಸಿದ್ಧಾಂತಕ್ಕೆ ಬರುವ ಮುನ್ನ ಪ್ರಮಾಣ ವಿಚಾರ. ಹಳೆಯ ಬಲ್ಬು ಸುಮಾರು 2700 ಕೆಲ್ವಿನ್ನಿನ ಬೆಳಕು, ಬೂದನ್ನು ಕೆನೆಯ ಕಡೆಗೆ ಎಳೆಯುತ್ತಿತ್ತು. ಈಗಿನ ಬಿಳಿ ಎಲ್‌ಇಡಿ 6500 ಕೆಲ್ವಿನ್, ಅದೇ ಬೂದನ್ನು ಆಸ್ಪತ್ರೆಯ ಕಡೆಗೆ ಎಳೆಯುತ್ತದೆ. ಹಗಲಿನ ಪ್ರಮಾಣ ವೆಂಟಿಲೇಟರಿನದು. ಬನಶಂಕರಿಯ ಮೂವತ್ತು-ನಲವತ್ತರ ಸೈಟಿನಲ್ಲಿ ವೆಂಟಿಲೇಟರ್ ತೆರೆಯುವುದು ಆಕಾಶಕ್ಕಲ್ಲ, ಪಕ್ಕದ ಮನೆಯ ಗೋಡೆಗೆ. ಅವರು ಗಿಳಿಹಸಿರು ಬಳಿಸಿದರೆ ಬೆಳಕು ಅದಕ್ಕೆ ಬಡಿದು ಒಳಬಂದು ನಿಮ್ಮ ಬೂದೂ ಹಸಿರು. ಆದ್ದರಿಂದ ಶೇಡ್ ಕಾರ್ಡನ್ನು ಮೊದಲು ನೆರೆಯವರಿಗೆ ಕೊಡುವುದೇ ಶಾಸ್ತ್ರೀಯ ಕ್ರಮ.

ಇಷ್ಟೆಲ್ಲ ಎಷ್ಟು ಜಾಗಕ್ಕಾಗಿ? ಎಂಟಡಿಗೆ ಐದಡಿಯ ಬಚ್ಚಲು ಎಂದಿಟ್ಟುಕೊಳ್ಳಿ. ಟೈಲ್ಸ್ ಏಳಡಿಯವರೆಗೆ, ತಾರಸಿ ಹತ್ತಡಿಯಲ್ಲಿ. ಬಣ್ಣಕ್ಕೆ ಉಳಿಯುವುದು ಮೇಲಿನ ಮೂರಡಿ ಪಟ್ಟಿ. ಸುತ್ತಳತೆ 26 ಅಡಿ. ಒಟ್ಟು 78 ಚದರಡಿ. ಅದರಲ್ಲಿ ಅಟ್ಟ ಮುಚ್ಚುವುದನ್ನು ಕಳೆಯಿರಿ, ವೆಂಟಿಲೇಟರ್ ಕಳೆಯಿರಿ, ಗೀಸರ್ ಮತ್ತು ಎಕ್ಸಾಸ್ಟ್ ಫ್ಯಾನ್ ಕಳೆಯಿರಿ. ಮಿಕ್ಕಿದ್ದಕ್ಕೆ ಎರಡು ಕೋಟ್ ಹೊಡೆಯಲು ಒಂದು ಲೀಟರ್ ಎಮಲ್ಷನ್ ಹೆಚ್ಚುಕಡಿಮೆ ಸಾಕು. ಸ್ನಾನ ಮಾಡುವವರ ಕಣ್ಣಿನ ಮಟ್ಟದಿಂದ ಎರಡಡಿ ಮೇಲಿರುವ, ಕಣ್ಣಿಗೆ ಸೋಪು ಹೋದಾಗ ಮಾತ್ರ ತಲೆಯೆತ್ತಿ ಕಾಣದಿರುವ ಈ ಪಟ್ಟಿಯ ಮೇಲೆ ಸಂಸಾರವೊಂದು ಮೂರು ಭಾನುವಾರಗಳನ್ನು ಕಳೆಯಬಲ್ಲುದು.

ಅಂತಿಮ ಶೇಡ್ ನಿರ್ಧರಿಸುವುದು ಸಂಸಾರವೂ ಅಲ್ಲ, ನೀರು. 1974ರಲ್ಲಿ ಮೊದಲ ಹಂತದ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಏರಿ ಬೆಂಗಳೂರಿಗೆ ಬಂತು. ಅದು ಬಾರದ ದಿನ ಬೋರ್‌ವೆಲ್. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ ನಡೆಯಲಿ ಎನ್ನುತ್ತದೆ ಭಾರತೀಯ ಮಾನಕ. ಗೋಡೆಗೆ ಮಾನಕವಿಲ್ಲ. ಬಂಡೆಯ ಸಂದಿಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬಂದ ನೀರು ಓವರ್‌ಹೆಡ್ ಟ್ಯಾಂಕ್ ಏರಿ, ಮೇಲಿನ ಮಹಡಿಯವರ ಬಚ್ಚಲಿಗೆ ಇಳಿದು, ಅವರ ಟೈಲ್ಸ್ ಸಂದಿಯಿಂದ ಜಿನುಗಿ, ಗಾರೆಯ ಉಪ್ಪನ್ನೂ ಕೂಡಿಕೊಂಡು ನಮ್ಮ ತಾರಸಿಯಲ್ಲಿ ನಕಾಶೆ ಬಿಡಿಸುತ್ತದೆ. ಒಣಗಿದಾಗ ನೋಡಿ: ಅಚ್ಚ ತಿಳಿಬೂದು, ನೀಲಿಯನ್ನೂ ಹೊಡೆಯುವುದಿಲ್ಲ, ಹಸಿರನ್ನೂ ಹೊಡೆಯುವುದಿಲ್ಲ. ಯಾವ ಯಂತ್ರಕ್ಕೂ ಸಿಗದ ಛಾಯೆ. ಬಿಳಿ ಬಳಿದವರಿಗೆ ಇದು ಸೀಪೇಜ್, ತಿಳಿಬೂದು ಬಳಿದವರಿಗೆ ಮೂರನೆಯ ಕೋಟ್. ದಕ್ಷಿಣ ಬೆಂಗಳೂರಿನಲ್ಲಿ ಈ ಬಣ್ಣ ಗೆದ್ದಿರುವುದು ಸೌಂದರ್ಯಮೀಮಾಂಸೆಯಿಂದ ಎಂದು ಬರೆಯುವವರು ಪ್ಲಂಬರ್‌ಗಳನ್ನು ಮಾತಾಡಿಸಿಲ್ಲ.

ಬಿಟಿಎಂ ಲೇಔಟಿನ ಶಾಖೆಯನ್ನು ಉಲ್ಲೇಖಿಸದಿದ್ದರೆ ಪ್ರಬಂಧ ಅಪೂರ್ಣ. ಅಲ್ಲಿ ಶೇಡ್ ಕಾರ್ಡಿನ ಬಳಕೆಯೇ ಇಲ್ಲ. ಬಾಡಿಗೆದಾರ ಖಾಲಿ ಮಾಡುತ್ತಾನೆ, ಓನರ್ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗಿಗೆಂದು ಮುರಿದುಕೊಳ್ಳುತ್ತಾರೆ, ಕಾಂಪೌಂಡಿಗೆ ತಂದು ಉಳಿದಿದ್ದ ಅರ್ಧ ಬಕೆಟ್‌ಗೆ ನೀರು ಬೆರೆಯುತ್ತದೆ. ಮೊದಲೇ ಬೂದು, ಈಗ ತಿಳಿಬೂದು. ಹೊಸದಾಗಿ ಬಂದ ಹುಡುಗ ಗೋಡೆ ಮುಟ್ಟಿ ನೋಡಿ, ಬೆರಳಿಗೆ ಅಂಟಿದ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡು, ಯಾವ ಕಲರ್ ಅಂಕಲ್ ಇದು ಎಂದು ಕೇಳುತ್ತಾನೆ.

“ಇಂಪೋರ್ಟೆಡ್ ಕಣಪ್ಪಾ. ಅಡ್ವಾನ್ಸ್ ಹತ್ತು ತಿಂಗಳದ್ದು.”